ಹೆರಿಗೆ ಕೋಣೆಗೆ ಲೇಡಿ ಡಾಕ್ಟರ್ ಬೇಕು, ಹೆರಿಗೆ ರಜೆ ಬೇಡ!

ನಮ್ಮ ಸಮುದಾಯದ ಗಂಡಸರಲ್ಲಿ ಒಂದು ವಿಷಯದ ಕುರಿತು ಭಿನ್ನಾಭಿಪ್ರಾಯವೇ ಇಲ್ಲ. ಚಂದ್ರದರ್ಶನದಲ್ಲಿ ಒಮ್ಮತವಿಲ್ಲದಿರಬಹುದು, ತರಾವೀಹ್‌ನ ರಕಅತ್‌ಗಳ ಸಂಖ್ಯೆಯ ಕುರಿತು ವಾಗ್ವಾದಗಳಿರಬಹುದು. ಆದರೆ ಪತ್ನಿಯನ್ನು ಹೆರಿಗೆಗೆ ಕರೆದೊಯ್ಯುವಾಗ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ಇರಲೇಬೇಕೆಂಬುದರಲ್ಲಿ ಎಲ್ಲ ಸಂಘಟನೆಗಳವರೂ ಒಂದೇ. ಹೆರಿಗೆ ಕೋಣೆಯಲ್ಲಿ ನರ್ಸ್ ಕೂಡಾ ಮಹಿಳೆಯೇ ಆಗಿರಬೇಕು, ಸ್ಕ್ಯಾನಿಂಗ್ ಮಾಡುವವರೂ ಮಹಿಳೆಯಾದರೆ ಒಳಿತು ಎಂದು ನಾವು ಬಯಸುತ್ತೇವೆ. ಈ ಬಯಕೆಯಲ್ಲಿ ತಪ್ಪೇನೂ ಇಲ್ಲ. ಪ್ರವಾದಿವರ್ಯರ(ಸ) ಕಾಲದಲ್ಲಿಯೇ ರುಫೈದಾ ಅಲ್ ಅಸ್ಲಮಿಯ್ಯ(ರ) ಎಂಬ ಸ್ವಹಾಬಿ ಮಹಿಳೆ ಗಾಯಾಳುಗಳ ಶುಶ್ರೂಷೆಗಾಗಿ ಮಸೀದಿಯ ಬಳಿ ಡೇರೆ ಹಾಕಿದ್ದರು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್‌ರನ್ನು(ರ) ಅದೇ ಡೇರೆಯಲ್ಲಿರಿಸಿ ಉಪಚರಿಸಲಾಗಿತ್ತು. ವೈದ್ಯಕೀಯ ಸೇವೆಯಲ್ಲಿ ಮಹಿಳೆಯರಿರುವುದು ನಮಗೆ ಹೊಸತಲ್ಲ.

ಆದರೆ ಆ ಲೇಡಿ ಡಾಕ್ಟರ್, ಆ ನರ್ಸ್ ಸ್ವತಃ ಗರ್ಭಿಣಿಯಾದಾಗ ಆಕೆಯ ನೌಕರಿಯ ಗತಿಯೇನಾಗುತ್ತದೆ ಎಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ?

ಎರಡು ಪ್ರಕರಣಗಳನ್ನು ಓದುಗರ ಮುಂದಿಡುತ್ತೇನೆ. ಎರಡೂ ನಮ್ಮ ದೇಶದ್ದೇ, ಎರಡರಲ್ಲಿಯೂ ಉದ್ಯೋಗದಾತ ಆಸ್ಪತ್ರೆಯೇ.

ಒಂದನೆಯದು ಚಂಡೀಗಢದ ಪ್ರತಿಷ್ಠಿತ ಪಿಜಿಐಎಂಇಆರ್ ಸಂಸ್ಥೆಗೆ ಸಂಬಂಧಿಸಿದ್ದು. ಅಲ್ಲಿನ ಓರ್ವ ನರ್ಸಿಂಗ್ ಅಧಿಕಾರಿ ವಿವಾಹವಾದುದು ಮೊದಲ ಪತ್ನಿಯಿಂದ ಇಬ್ಬರು ಮಕ್ಕಳಿದ್ದ ವ್ಯಕ್ತಿಯನ್ನು. ಆಕೆ ಆ ಮಕ್ಕಳನ್ನು ತನ್ನವರೆಂದೇ ಸ್ವೀಕರಿಸಿದರು. ಸೇವಾ ದಾಖಲೆಯಲ್ಲಿ ಅವರ ಹೆಸರು ಬರೆಸಿದರು, ಅವರಲ್ಲೊಬ್ಬರ ಆರೈಕೆಗಾಗಿ ಶಿಶುಪಾಲನಾ ರಜೆಯನ್ನೂ ಪಡೆದರು. 2019ರ ಜೂನ್‌ನಲ್ಲಿ ಆಕೆಯ ಸ್ವಂತ ಗರ್ಭದಲ್ಲಿ ಮೊದಲ ಮಗು ಜನಿಸಿತು. ಹೆರಿಗೆ ರಜೆಗೆ ಅರ್ಜಿ ಹಾಕಿದಾಗ ಸಂಸ್ಥೆ ನಿಯಮ ಪುಸ್ತಕ ತೆರೆಯಿತು. ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇದ್ದರೆ ಮಾತ್ರ ರಜೆ. ನಿಮಗೆ ಈಗಾಗಲೇ ಇಬ್ಬರಿದ್ದಾರೆ, ಇದು ಮೂರನೆಯದು ಎಂದಿತು. ಅಂದರೆ ಸವತಿಯ ಮಕ್ಕಳಿಗೆ ತಾಯಿಯಾದ ಔದಾರ್ಯವೇ ಆಕೆಯ ಅಪರಾಧವಾಯಿತು. ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿಯಲ್ಲಿ ಆಕೆ ಸೋತರು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್‌ನಲ್ಲಿಯೂ ಸೋತರು. ಕೊನೆಗೆ 2022ರ ಆಗಸ್ಟ್ 16ರಂದು ಸುಪ್ರೀಮ್ ಕೋರ್ಟ್‌ನ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಎ.ಎಸ್. ಬೋಪಣ್ಣರ ಪೀಠ ಆಕೆಯ ಪರ ತೀರ್ಪಿತ್ತಿತು. ತಂದೆ, ತಾಯಿ, ಅವರಿಗೆ ಹುಟ್ಟಿದ ಮಕ್ಕಳು ಎಂಬ ಒಂದೇ ಅಚ್ಚಿನ ಕುಟುಂಬವನ್ನು ಮಾತ್ರ ಕಾನೂನು ಗುರುತಿಸಬೇಕೆಂದಿಲ್ಲ, ಮರುವಿವಾಹದಿಂದ ರೂಪುಗೊಂಡ ಕುಟುಂಬವೂ ಕುಟುಂಬವೇ ಎಂದು ನ್ಯಾಯಾಲಯ ಹೇಳಿತು. ಈ ಮಾತು ನಮಗೆ ಅಪರಿಚಿತವಲ್ಲ. ಉಮ್ಮು ಸಲಮಾ(ರ) ತನ್ನ ಮೊದಲ ಪತಿಯ ಮಕ್ಕಳೊಂದಿಗೇ ಪ್ರವಾದಿವರ್ಯರ(ಸ) ಮನೆಗೆ ಬಂದವರು. ಆ ಮಕ್ಕಳು ಅಲ್ಲಿಯೇ ಬೆಳೆದರು.

ಎರಡನೆಯದು ದಿಲ್ಲಿಯದ್ದು. ಸರಕಾರಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯೊಂದರಲ್ಲಿ ಗುತ್ತಿಗೆಯ ಮೇಲೆ ಸೀನಿಯರ್ ರೆಸಿಡೆಂಟ್ ಆಗಿದ್ದ ವೈದ್ಯೆಯೊಬ್ಬರು 2017ರ ಜೂನ್ 1ರಿಂದ ಹೆರಿಗೆ ರಜೆ ಕೇಳಿದರು. ಅವರ ಮೂರು ವರ್ಷಗಳ ಗುತ್ತಿಗೆ ಜೂನ್ 11ಕ್ಕೆ ಮುಗಿಯುವುದಿತ್ತು. ಆಸ್ಪತ್ರೆ ಕೊಟ್ಟದ್ದು ಹನ್ನೊಂದು ದಿನಗಳ ರಜೆ! ಕಾನೂನು ಇಪ್ಪತ್ತಾರು ವಾರ ಎನ್ನುತ್ತದೆ, ಆಸ್ಪತ್ರೆ ಹನ್ನೊಂದು ದಿನ ಎನ್ನುತ್ತದೆ. ಅವರೂ ನ್ಯಾಯಮಂಡಳಿಯಲ್ಲಿ ಸೋತು, ಹೈಕೋರ್ಟ್‌ನಲ್ಲಿ ಸೋತು, 2023ರ ಆಗಸ್ಟ್ 17ರಂದು ಸುಪ್ರೀಮ್ ಕೋರ್ಟ್‌ನಲ್ಲಿ ಗೆದ್ದರು. ಹೆರಿಗೆ ಸೌಲಭ್ಯದ ಹಕ್ಕು ಒಮ್ಮೆ ಉಂಟಾದ ಬಳಿಕ ಅದು ಗುತ್ತಿಗೆಯ ಅವಧಿಯೊಂದಿಗೆ ಅಳಿದುಹೋಗುವುದಿಲ್ಲ, ಗುತ್ತಿಗೆ ಮುಗಿದ ನಂತರದ ದಿನಗಳಿಗೂ ಅದನ್ನು ಕೊಡಬೇಕು ಎಂಬುದೇ ಆ ತೀರ್ಪು. ಅಷ್ಟರಲ್ಲಿ ಆರು ವರ್ಷಗಳು ಕಳೆದಿದ್ದವು. ಯಾವ ಮಗುವಿಗೆ ಎದೆಹಾಲುಣಿಸಲು ರಜೆ ಕೇಳಲಾಗಿತ್ತೋ ಆ ಮಗು ಚೀಲ ಹೆಗಲಿಗೇರಿಸಿ ಶಾಲೆಗೆ ಹೋಗುವ ವಯಸ್ಸಾಗಿತ್ತು.

ಗರ್ಭವೆಂದರೇನು, ಬಾಣಂತನವೆಂದರೇನು, ಮೊದಲ ಆರು ತಿಂಗಳು ಎದೆಹಾಲೊಂದೇ ಯಾಕೆ ಕೊಡಬೇಕು ಎಂದು ಗೋಡೆ ತುಂಬ ಪೋಸ್ಟರ್ ಅಂಟಿಸುವ ಸಂಸ್ಥೆಗಳಿವು. ತಿಳಿಯದೆ ಮಾಡಿದರೆಂದು ಹೇಳುವಂತಿಲ್ಲ. ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಇಬ್ಬರೂ ಸರಕಾರಿ ಸೇವೆಯಲ್ಲಿದ್ದವರು, ಸುಶಿಕ್ಷಿತರು, ವರ್ಷಗಟ್ಟಲೆ ಕೋರ್ಟಿಗೆ ಅಲೆಯುವ ಶಕ್ತಿಯಿದ್ದವರು. ಪಟ್ಟಣದ ಮೂವತ್ತು ಹಾಸಿಗೆಯ ನರ್ಸಿಂಗ್ ಹೋಮ್‌ನಲ್ಲಿ ರಾತ್ರಿ ಪಾಳಿ ಮಾಡುವ ಹುಡುಗಿ ದಿಲ್ಲಿಗೆ ಹೋಗುವುದಿಲ್ಲ. ಆಕೆ ಮನೆಗೆ ಹೋಗುತ್ತಾಳೆ.

ಕಾನೂನಿನ ಕೊರತೆಯಿಂದ ಹೀಗಾಗುತ್ತಿದೆಯೆಂದು ಭಾವಿಸಬೇಕಾಗಿಲ್ಲ. ಸಂವಿಧಾನದ 42ನೆಯ ಪರಿಚ್ಛೇದವು ಪ್ರಸೂತಿ ಪರಿಹಾರದ ವ್ಯವಸ್ಥೆ ಮಾಡುವಂತೆ ಸರಕಾರಕ್ಕೆ ಹೇಳುತ್ತದೆ. 1961ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ಬಂತು. 2017ರಲ್ಲಿ ಹನ್ನೆರಡು ವಾರಗಳ ರಜೆ ಇಪ್ಪತ್ತಾರಕ್ಕೇರಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಆ ಕಾಯ್ದೆ ಸೇರಿಹೋದರೂ ಇಪ್ಪತ್ತಾರು ವಾರಗಳ ಹಕ್ಕು ಉಳಿದಿದೆ. ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಎಂಬತ್ತು ದಿನ ಕೆಲಸ ಮಾಡಿದ್ದರೆ ಸಾಕು. ರಜೆಯಲ್ಲಿದ್ದಾಗ ವಜಾ ಮಾಡುವುದು ಕಾನೂನುಬಾಹಿರ. ದಿಲ್ಲಿ ಮಹಾನಗರಪಾಲಿಕೆಗಾಗಿ ರಸ್ತೆ ಅಗೆಯುತ್ತಿದ್ದ ದಿನಗೂಲಿ ಹೆಂಗಸರಿಗೂ ಈ ಹಕ್ಕಿದೆಯೆಂದು 2000ದ ಮಾರ್ಚ್ 8ರಂದು ಸುಪ್ರೀಮ್ ಕೋರ್ಟ್ ತೀರ್ಪು ನೀಡಿತ್ತು. ಆ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಎಸ್. ಸಗೀರ್ ಅಹ್ಮದ್. ಅದಕ್ಕೂ ಮೊದಲು, 1981ರಲ್ಲಿ, ಮೊದಲ ಗರ್ಭಧಾರಣೆಯೊಂದಿಗೇ ಗಗನಸಖಿಯರ ಕೆಲಸ ಮುಗಿಯುತ್ತದೆಂಬ ಏರ್ ಇಂಡಿಯಾದ ನಿಯಮವನ್ನು ಅದೇ ನ್ಯಾಯಾಲಯ ತಳ್ಳಿಹಾಕಿತ್ತು. ನೌಕರಿಗೆ ಸೇರುವ ಹೆಣ್ಣಿನ ಬಳಿ ಕೊನೆಯ ಮುಟ್ಟಿನ ದಿನಾಂಕ ಕೇಳುತ್ತಿದ್ದ ಜೀವವಿಮಾ ನಿಗಮದ ಅರ್ಜಿ ನಮೂನೆಗೂ 1991ರಲ್ಲಿ ಛೀಮಾರಿ ಬಿದ್ದಿತ್ತು.

ಹೀಗಿದ್ದೂ ಖಾಸಗಿ ಆಸ್ಪತ್ರೆಗಳಲ್ಲಿ ಏನು ನಡೆಯುತ್ತಿದೆ? ಅಲ್ಲಿ ಯಾರೂ ವಜಾ ಮಾಡುವುದಿಲ್ಲ. ರಾಜೀನಾಮೆ ಬರೆಸಿಕೊಳ್ಳುತ್ತಾರೆ.

ಇಲ್ಲಿ ನಾನು ಹತ್ತಿರದಿಂದ ಕಂಡ ಒಂದು ಪ್ರಸಂಗವನ್ನು ಹೇಳಲೇಬೇಕಾಗಿದೆ. ಹೇಳಲು ಸಂಕೋಚವೂ ಆಗುತ್ತಿದೆ. ಯಾಕೆಂದರೆ ಆ ನರ್ಸಿಂಗ್ ಹೋಮ್ ನಮ್ಮದೇ ಸಮುದಾಯದವರು ನಡೆಸುವಂಥದ್ದು. ಅದರ ಉದ್ಘಾಟನೆಯ ದಿನ ಕಿರಾಅತ್ ಪಠಣವಾಗಿತ್ತು, ದುಆ ಆಗಿತ್ತು, ಸಮುದಾಯದ ಹೆಣ್ಮಕ್ಕಳಿಗೆ ಇಸ್ಲಾಮೀ ವಾತಾವರಣದಲ್ಲಿ ಉದ್ಯೋಗ ಎಂದು ವೇದಿಕೆಯಿಂದ ಘೋಷಣೆಯೂ ಆಗಿತ್ತು. ನಮ್ಮ ಸಂಬಂಧದ ತರುಣಿಯೊಬ್ಬಳು ಜನರಲ್ ನರ್ಸಿಂಗ್ ಮುಗಿಸಿ ಅಲ್ಲಿ ಸೇರಿದಳು. ಅವಳನ್ನು ನರ್ಸಿಂಗ್‌ಗೆ ಕಳುಹಿಸಲು ಅವಳ ತಂದೆ ಕುಟುಂಬದ ಹಿರಿಯರಿಂದ ಕೇಳಿದ ಮಾತುಗಳೇನು ಕಡಿಮೆಯಲ್ಲ. ನಾಲ್ಕು ವರ್ಷ ಒಳ್ಳೆಯ ಹೆಸರು ಪಡೆದು ದುಡಿದಳು. ಗರ್ಭಿಣಿಯಾಗಿ ಏಳು ತಿಂಗಳಾದಾಗ ಆಡಳಿತ ಕಚೇರಿಗೆ ಕರೆಸಿ ಒಂದು ಬಿಳಿ ಹಾಳೆ ಕೊಟ್ಟರು. ವೈಯಕ್ತಿಕ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ ಎಂದು ಬರೆದುಕೊಡು. ಮಗು ಸ್ವಲ್ಪ ದೊಡ್ಡದಾದ ಮೇಲೆ ಬಾ, ಸೇರಿಸಿಕೊಳ್ಳೋಣ ಎಂದರು. ಅವಳು ಬರೆದುಕೊಟ್ಟಳು. ಎಂಟು ತಿಂಗಳ ಬಳಿಕ ಹೋದಾಗ ಸೇರಿಸಿಕೊಂಡರು, ನಿಜ. ಆದರೆ ಹೊಸ ಹುಡುಗಿಯಾಗಿ, ಹೊಸಬರ ಸಂಬಳಕ್ಕೆ. ನಾಲ್ಕು ವರ್ಷದ ಸೇವೆ ಸೊನ್ನೆಯಾಗಿತ್ತು.

ಆಡಳಿತ ಮಂಡಳಿಯ ಸದಸ್ಯರೊಬ್ಬರು ನನಗೆ ಪರಿಚಿತರು. ಜುಮಾ ನಮಾಝಿನ ಬಳಿಕ ವಿಷಯ ಪ್ರಸ್ತಾಪಿಸಿದೆ. ಅವರು ಕೋಪಿಸಿಕೊಳ್ಳಲಿಲ್ಲ, ನಗುತ್ತಲೇ ಹೇಳಿದರು: "ಉಸ್ತಾದ್, ನೀವೇ ಕಲಿತವರು. ಹೆಂಡತಿಯ ಖರ್ಚು ಗಂಡನ ಹೊಣೆಯಲ್ಲವೇ? ಅವಳಿಗೆ ಗಂಡನಿದ್ದಾನೆ. ಮನೆಯಲ್ಲಿ ಕೂತವಳಿಗೆ ನಾವು ಯಾಕೆ ಆರು ತಿಂಗಳು ಸಂಬಳ ಕೊಡಬೇಕು?"

ಈ ಉತ್ತರವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ನಮ್ಮಲ್ಲಿ ಅನೇಕರ ಮನಸ್ಸಿನಲ್ಲಿರುವುದೂ ಇದೇ. ಆದ್ದರಿಂದ ಇದನ್ನು ಬಿಡಿಸಿ ನೋಡುವುದು ಅಗತ್ಯ.

ಪತ್ನಿಯ ನಫಕಾ ಪತಿಯ ಹೊಣೆಯೆಂಬುದು ಸತ್ಯ. ಆದರೆ ಅದು ಪತ್ನಿಗೆ ಪತಿಯ ಮೇಲಿರುವ ಹಕ್ಕು. ಮೂರನೆಯವನು ಆಕೆಗೆ ಕೊಡಬೇಕಾದುದನ್ನು ಕೊಡದಿರಲು ಅದು ನೆಪವಾಗುವುದು ಹೇಗೆ? ಒಬ್ಬಾಕೆಯಿಂದ ಸಾಲ ಪಡೆದವನು, ನಿನಗೆ ಗಂಡನಿದ್ದಾನಲ್ಲ, ನಾನೇಕೆ ಸಾಲ ತೀರಿಸಬೇಕು ಎಂದರೆ ಯಾವ ಖಾಝಿ ಒಪ್ಪುತ್ತಾರೆ? ಪತ್ನಿಯ ಸಂಪಾದನೆ ಪತ್ನಿಯದ್ದೇ, ಪತಿಗೂ ಅದರಲ್ಲಿ ಕೈಹಾಕುವ ಅಧಿಕಾರವಿಲ್ಲ ಎನ್ನುವ ಶರೀಅತ್, ಆಸ್ಪತ್ರೆಯ ಧಣಿಗೆ ಆ ಅಧಿಕಾರ ಕೊಟ್ಟಿರಲು ಸಾಧ್ಯವಿಲ್ಲ. ಇದೇ ಧಣಿಗಳು ಸಂಬಳ ನಿಗದಿಪಡಿಸುವಾಗಲೂ, ಗಂಡನಿದ್ದಾನಲ್ಲ ಇಷ್ಟು ಸಾಕು ಎನ್ನುವುದನ್ನು ಕೇಳಿದ್ದೇನೆ. ಹಾಗಾದರೆ ವಿಧವೆಗೆ ದುಪ್ಪಟ್ಟು ಕೊಡುತ್ತಾರೆಯೇ?

ದುಡಿಯದ ದಿನಗಳಿಗೆ ವೇತನವೇಕೆ ಎಂಬುದು ಇನ್ನೊಂದು ಪ್ರಶ್ನೆ. ವಾರದ ರಜೆಗೆ ಸಂಬಳ ಕೊಡುತ್ತೇವೆ, ಈದ್ ರಜೆಗೂ ಕೊಡುತ್ತೇವೆ. ಆಗ ಈ ಫಿಕ್ಹ್ ನೆನಪಾಗುವುದಿಲ್ಲ. ಕರಾರಿನ ಶರತ್ತುಗಳನ್ನು ಪಾಲಿಸುವುದು ಮುಸ್ಲಿಮನ ಕರ್ತವ್ಯ. ಈ ದೇಶದಲ್ಲಿ ಹತ್ತು ಮಂದಿಯನ್ನು ನೇಮಿಸಿಕೊಂಡು ಸಂಸ್ಥೆ ನಡೆಸುವವನು ಹೆರಿಗೆ ಸೌಲಭ್ಯದ ಕಾನೂನನ್ನು ಒಪ್ಪಿಕೊಂಡೇ ನಡೆಸುತ್ತಾನೆ. ನೇಮಕಾತಿ ಪತ್ರದಲ್ಲಿ ಬರೆದಿರಲಿ ಬಿಡಲಿ, ಅದು ಕರಾರಿನ ಭಾಗವೇ. ಇನ್ನು ಪವಿತ್ರ ಕುರ್‌ಆನ್‌ನ ನಿಲುವನ್ನು ನೋಡಿ. ಬಳಲಿಕೆಯ ಮೇಲೆ ಬಳಲಿಕೆಯನ್ನು ಸಹಿಸಿ ತಾಯಿ ಮಗುವನ್ನು ಹೊರುವುದನ್ನು ಲುಕ್ಮಾನ್ ಅಧ್ಯಾಯ ನೆನಪಿಸುತ್ತದೆ. ತಲಾಕ್ ಅಧ್ಯಾಯವಂತೂ ಇನ್ನೂ ಮುಂದೆ ಹೋಗುತ್ತದೆ. ವಿಚ್ಛೇದಿತೆ ಗರ್ಭಿಣಿಯಾಗಿದ್ದರೆ ಹೆರಿಗೆಯವರೆಗೆ ಆಕೆಗೆ ಖರ್ಚು ಮಾಡಬೇಕು, ಅನಂತರ ಆಕೆ ಮಗುವಿಗೆ ಹಾಲುಣಿಸಿದರೆ ಅದಕ್ಕೆ ಪ್ರತಿಫಲ ಕೊಡಬೇಕು ಎಂದು ವಿಧಿಸುತ್ತದೆ. ಮನೆಯಲ್ಲಿ ಕೂತು ಹಾಲುಣಿಸುವುದನ್ನು ಕೆಲಸವೇ ಅಲ್ಲವೆಂದು ಭಾವಿಸುವ ನಮಗೆ, ಅದಕ್ಕೆ ಕೂಲಿ ನಿಗದಿಯಾಗಿ ಹದಿನಾಲ್ಕು ಶತಮಾನಗಳಾಗಿವೆ ಎಂಬುದು ಮರೆತೇಹೋಗಿದೆ.

ಆದರೂ ಆ ಸದಸ್ಯರ ಮಾತಿನಲ್ಲಿ ಒಂದು ನೈಜ ಕಷ್ಟವಿದೆ. ಮೂವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಒಂದೇ ವರ್ಷ ಮೂವರು ನರ್ಸ್‌ಗಳು ರಜೆಗೆ ಹೋದರೆ ಮೂವರಿಗೆ ಆರು ತಿಂಗಳ ಸಂಬಳ, ಬದಲಿಗೆ ಬಂದವರಿಗೂ ಸಂಬಳ. ನಮ್ಮ ಕಾನೂನು ಈ ಭಾರವನ್ನು ಬಹುಮಟ್ಟಿಗೆ ಉದ್ಯೋಗದಾತನೊಬ್ಬನ ತಲೆಯ ಮೇಲೆಯೇ ಹೊರಿಸಿದೆ. ಪರಿಣಾಮವಾಗಿ, ಹೊಸದಾಗಿ ಮದುವೆಯಾದ ಹೆಣ್ಣನ್ನು ಕೆಲಸಕ್ಕೆ ಸೇರಿಸಿಕೊಳ್ಳಲೇ ಅನೇಕರು ಹಿಂಜರಿಯುತ್ತಾರೆ. ಮದುವೆ ಯಾವಾಗ, ಮಕ್ಕಳ ಯೋಚನೆ ಇದೆಯೇ ಎಂದು ಸಂದರ್ಶನದಲ್ಲಿ ಕೇಳುವುದು ಇದಕ್ಕಾಗಿಯೇ. ಹೆರಿಗೆ ಸೌಲಭ್ಯದ ನೇರ ವೆಚ್ಚ ಒಬ್ಬೊಬ್ಬ ಮಾಲಕನ ಮೇಲೆ ಬೀಳಬಾರದು, ಸಾಮಾಜಿಕ ವಿಮೆ ಅಥವಾ ಸಾರ್ವಜನಿಕ ನಿಧಿಯಿಂದ ಬರಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಒಡಂಬಡಿಕೆ ಹೇಳುತ್ತದೆ. ಅದಕ್ಕಿಂತ ಎಷ್ಟೋ ಹಿಂದೆ, 1928ರಲ್ಲಿ, ಮುಂಬಯಿ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯ ಮಸೂದೆಯನ್ನು ಬೆಂಬಲಿಸಿ ಮಾತನಾಡಿದ ಡಾ. ಬಿ.ಆರ್. ಅಂಬೇಡ್ಕರ್, ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತವಾದ್ದರಿಂದ ಈ ಹೊರೆಯ ಬಹುಪಾಲನ್ನು ಸರಕಾರ ಹೊರಬೇಕೆಂದೂ, ಆಕೆಯ ದುಡಿಮೆಯಿಂದ ಲಾಭ ಪಡೆಯುವ ಮಾಲಕನಿಗೂ ಅದರಲ್ಲಿ ಪಾಲಿರಬೇಕೆಂದೂ ವಾದಿಸಿದ್ದರು.

ಇನ್ನೂ ಹಿಂದಕ್ಕೆ ಹೋದರೆ ಹಝ್ರತ್ ಉಮರ್(ರ) ಕಾಣಸಿಗುತ್ತಾರೆ. ಈ ಘಟನೆಯನ್ನು ಖುತ್ಬಾಗಳಲ್ಲಿ ಕೇಳಿರುತ್ತೇವೆ, ಆದರೆ ಖಲೀಫರ ವಿನಯದ ಕಥೆಯಾಗಿ ಮಾತ್ರ. ಹಾಲು ಬಿಟ್ಟ ಮಕ್ಕಳಿಗೆ ಬೈತುಲ್‌ಮಾಲ್‌ನಿಂದ ಭತ್ಯೆ ಎಂಬ ನಿಯಮ ಆಗ ಜಾರಿಯಲ್ಲಿತ್ತು. ಒಂದು ರಾತ್ರಿ ಮದೀನಕ್ಕೆ ಬಂದಿಳಿದ ವರ್ತಕರ ಗುಂಪನ್ನು ಕಾಯಲು ಉಮರ್ ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಹೋಗಿದ್ದರು. ಮಗುವೊಂದು ಅಳುತ್ತಿತ್ತು. ಉಮರ್ ಎರಡು ಬಾರಿ ಹೋಗಿ ತಾಯಿಗೆ ಬುದ್ಧಿ ಹೇಳಿ ಬಂದರು. ಅಳು ನಿಲ್ಲಲಿಲ್ಲ. ರಾತ್ರಿಯ ಕೊನೆಯಲ್ಲಿ ಮತ್ತೆ ಹೋಗಿ ನೀನೆಂಥಾ ತಾಯಿ ಎಂದು ಗದರಿದಾಗ, ಎದುರಿಗಿರುವವರು ಯಾರೆಂದು ತಿಳಿಯದ ಆಕೆ, ಉಮರ್ ಹಾಲು ಬಿಟ್ಟ ಮಕ್ಕಳಿಗಷ್ಟೇ ಭತ್ಯೆ ಕೊಡುವುದರಿಂದ ಅವಧಿಗೆ ಮುನ್ನವೇ ಹಾಲು ಬಿಡಿಸುತ್ತಿದ್ದೇನೆ ಎಂದಳು. ಅಂದಿನ ಫಜ್ರ್ ನಮಾಝಿನಲ್ಲಿ ಅಳುವಿನಿಂದಾಗಿ ಖಲೀಫರ ಕಿರಾಅತ್ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ನಮಾಝಿನ ಬಳಿಕ, ಹುಟ್ಟಿದ ಪ್ರತಿ ಮಗುವಿಗೂ ಅಂದಿನಿಂದಲೇ ಭತ್ಯೆಯೆಂದು ಸಾರಿಸಿದರು.

ಉಮರ್ ಆ ತಾಯಿಯನ್ನು ಶಿಕ್ಷಿಸಲಿಲ್ಲ, ಪ್ರವಚನ ಮಾಡಲಿಲ್ಲ. ನಿಯಮ ಬದಲಿಸಿದರು, ಹಣ ಸಾರ್ವಜನಿಕ ಖಜಾನೆಯಿಂದ ಕೊಟ್ಟರು. ಮಗುವಿನ ಹೊಟ್ಟೆಗೂ ಸರಕಾರದ ನಿಯಮಕ್ಕೂ ಇರುವ ನಂಟನ್ನು ಒಂದೇ ರಾತ್ರಿಯಲ್ಲಿ ಅರ್ಥ ಮಾಡಿಕೊಂಡರು. ಅವರು ಆ ಮಗು ಎಷ್ಟನೆಯದು ಎಂದೂ ಕೇಳಲಿಲ್ಲ. ನಮ್ಮ ಕಾನೂನು ಕೇಳುತ್ತದೆ. ಇಬ್ಬರು ಮಕ್ಕಳಿರುವಾಕೆಯ ಮುಂದಿನ ಹೆರಿಗೆಗೆ ಇಪ್ಪತ್ತಾರು ವಾರವಿಲ್ಲ, ಹನ್ನೆರಡು ಮಾತ್ರ. ಮೂರನೆಯ ಮಗುವಿಗೆ ಹಸಿವು ಅರ್ಧವೇ? ಜನಸಂಖ್ಯೆಯ ಹೆಸರಿನಲ್ಲಿ ಯಾರ ಕಡೆಗೆ ಬೆರಳು ತೋರಿಸಲಾಗುತ್ತದೆಂದು ನಮಗೆ ಗೊತ್ತು. ಆದರೆ ಈ ನಿಯಮ ಮತ ನೋಡಿ ಹೊಡೆಯುವುದಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಮ್ ಕೋರ್ಟ್ ಹೆರಿಗೆ ರಜೆ ಪಡೆಯಲು ಅರ್ಹರೆಂದು ತೀರ್ಪಿತ್ತದ್ದು ತಮಿಳುನಾಡಿನ ಸರಕಾರಿ ಶಾಲಾ ಶಿಕ್ಷಕಿಯೊಬ್ಬರಿಗೆ. ಮರುವಿವಾಹದ ಬಳಿಕ ಹುಟ್ಟಿದ ಮಗುವನ್ನು ಮೂರನೆಯದೆಂದು ಎಣಿಸಿ ಅವರಿಗೆ ರಜೆ ನಿರಾಕರಿಸಲಾಗಿತ್ತು.

ಸಣ್ಣ ಆಸ್ಪತ್ರೆಗಳಿಗೆ ದಾರಿಯೇ ಇಲ್ಲವೆಂದಲ್ಲ. ಇಎಸ್‌ಐ ಇದೆ. ಅದರ ವ್ಯಾಪ್ತಿಗೆ ಬರುವ ನೌಕರಳಿಗೆ ಇಪ್ಪತ್ತಾರು ವಾರಗಳ ಹಣ ಕೊಡುವುದು ನಿಗಮ, ಮಾಲಕನಲ್ಲ. 2017ರಲ್ಲಿ ಅದರ ವೇತನ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು; ಪಟ್ಟಣದ ನರ್ಸ್‌ಗಳಲ್ಲಿ ಹೆಚ್ಚಿನವರ ಸಂಬಳ ಆ ಮಿತಿಯನ್ನು ಮುಟ್ಟುವುದೂ ಇಲ್ಲ. 2019ರ ಜುಲೈಯಲ್ಲಿ ಮಾಲಕನ ವಂತಿಗೆಯನ್ನು ಶೇ. 4.75ರಿಂದ ಶೇ. 3.25ಕ್ಕೆ ಇಳಿಸಲಾಯಿತು. ಆ ಲೆಕ್ಕದಲ್ಲಿ ಹದಿನೈದು ಸಾವಿರ ಸಂಬಳದ ನರ್ಸ್‌ಗಾಗಿ ತಿಂಗಳಿಗೆ ಐನೂರು ರೂಪಾಯಿಯೂ ಆಗುವುದಿಲ್ಲ. ಅದನ್ನು ಉಳಿಸಲು ಅರ್ಧದಷ್ಟು ಸಿಬ್ಬಂದಿಯ ಹೆಸರನ್ನು ಹಾಜರಿ ಪುಸ್ತಕದಿಂದಲೇ ಹೊರಗಿಟ್ಟು, ಅನಂತರ ಹೆರಿಗೆ ರಜೆ ನಮಗೆ ಭಾರವೆಂದರೆ ಯಾರು ನಂಬಬೇಕು? ಖಾಸಗಿ ಆಸ್ಪತ್ರೆಗಳ ನರ್ಸ್‌ಗಳಿಗೆ ಕನಿಷ್ಠ 20,000 ರೂಪಾಯಿ ವೇತನವಿರಬೇಕೆಂದು, 2016ರ ಸುಪ್ರೀಮ್ ಕೋರ್ಟ್ ಆದೇಶದಂತೆ ರಚನೆಯಾದ ಸಮಿತಿ ಶಿಫಾರಸು ಮಾಡಿತ್ತು. ಅದನ್ನು ಓದಿದ ಆಡಳಿತ ಮಂಡಳಿಗಳೆಷ್ಟಿವೆಯೋ!

ಆಸ್ಪತ್ರೆಗಳ ವಿಷಯ ಬಂದಾಗ ನಮ್ಮ ಶಾಲೆಗಳನ್ನೂ ಮದ್ರಸಗಳನ್ನೂ ಬಿಡುವುದು ನ್ಯಾಯವಲ್ಲ. ಅಲ್ಲಿ ಕಲಿಸುವ ಟೀಚರ್‌ಗಳು, ಮುಅಲ್ಲಿಮಾಗಳು ಹೆರಿಗೆಗೆ ಹೋದರೆ ಅವರ ಜಾಗಕ್ಕೆ ಬೇರೆಯವರು ಬರುತ್ತಾರೆ, ಕಥೆ ಅಲ್ಲಿಗೆ ಮುಗಿಯಿತು. ಜಮಾಅತ್‌ನ ವಾರ್ಷಿಕ ಸಭೆಯಲ್ಲಿ ಮಿನಾರದ ಬಣ್ಣದ ಕುರಿತು ಒಂದು ಗಂಟೆ ಚರ್ಚೆಯಾದದ್ದನ್ನು ನಾನು ಕೂತು ಕೇಳಿದ್ದೇನೆ. ಹೆರಿಗೆ ರಜೆಯ ಕುರಿತು ಒಂದು ನಿಮಿಷವೂ ಆದದ್ದನ್ನು ಕೇಳಿಲ್ಲ. ಆ ಸಭೆಯಲ್ಲಿ ಹೆಣ್ಮಕ್ಕಳೂ ಇರಲಿಲ್ಲ ಎನ್ನುವುದು ಬೇರೆ ಮಾತು.

ನೌಕರಿಯಲ್ಲಿರುವ ಸಹೋದರಿಯರಿಗೂ, ಅವರ ಹೆತ್ತವರಿಗೂ, ಪತಿಯಂದಿರಿಗೂ ಒಂದೆರಡು ಮಾತು. ಗರ್ಭಿಣಿಯಾದಾಗ ಆಡಳಿತಕ್ಕೆ ಲಿಖಿತವಾಗಿ ತಿಳಿಸಿ, ಪ್ರತಿಗೆ ಮೊಹರು ಹಾಕಿಸಿ ಇಟ್ಟುಕೊಳ್ಳಿ. ಬಿಳಿ ಹಾಳೆ ಕೊಟ್ಟು ರಾಜೀನಾಮೆ ಬರೆಯಲು ಹೇಳಿದರೆ ಮನೆಯಲ್ಲಿ ಕೇಳಿ ಬರುತ್ತೇನೆಂದು ಹೇಳಿ ಎದ್ದು ಬನ್ನಿ. ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಾಳಿಯ ಪಟ್ಟಿ ಇವೇ ನಾಳೆಯ ಸಾಕ್ಷಿಗಳು. ದೂರು ಕೊಡಬೇಕಾದುದು ಕಾರ್ಮಿಕ ಇಲಾಖೆಗೆ. ಅದಕ್ಕೆ ವಕೀಲರೇ ಬೇಕೆಂದಿಲ್ಲ. ಇಎಸ್‌ಐ ಸಂಖ್ಯೆ ಇದೆಯೇ ಎಂದು ಕೆಲಸಕ್ಕೆ ಸೇರಿದ ತಿಂಗಳಲ್ಲೇ ಕೇಳಿ. ಜಗಳವೇಕೆ, ಬಿಟ್ಟುಬಿಡು ಎನ್ನುವ ಗಂಡಂದಿರು, ತಮ್ಮದೇ ಆರು ತಿಂಗಳ ಸಂಬಳವನ್ನು ಯಾರಾದರೂ ಇಟ್ಟುಕೊಂಡಿದ್ದರೆ ಬಿಟ್ಟುಬಿಡುತ್ತಿದ್ದರೇ ಎಂದು ಒಮ್ಮೆ ಆಲೋಚಿಸಲಿ.

ಅಂದ ಹಾಗೆ, ನಾನು ಹೇಳಿದ ಆ ತರುಣಿ ಎರಡನೆಯ ಬಾರಿ ಗರ್ಭಿಣಿಯಾಗುವ ಮೊದಲೇ ಕೆಲಸ ಬಿಟ್ಟಳು. ಈಗ ಪತಿಯೊಂದಿಗೆ ಗಲ್ಫ್‌ನಲ್ಲಿದ್ದಾಳೆ, ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಳೆ. ಕಳೆದ ರಮಝಾನ್‌ನಲ್ಲಿ ಆ ನರ್ಸಿಂಗ್ ಹೋಮ್‌ನ ಹೊಸ ಕಟ್ಟಡಕ್ಕಾಗಿ ನಮ್ಮ ಮಸೀದಿಯಲ್ಲಿ ದೇಣಿಗೆ ಸಂಗ್ರಹವಾಯಿತು. ನಮ್ಮವರೇ ಆದ ನರ್ಸ್‌ಗಳು ಸಿಗುತ್ತಿಲ್ಲ, ಸಿಕ್ಕಿದವರೂ ನಿಲ್ಲುವುದಿಲ್ಲ ಎಂದು ಅದೇ ಸದಸ್ಯರು ಮೈಕ್ ಹಿಡಿದು ಬೇಸರ ವ್ಯಕ್ತಪಡಿಸಿದರು.